ಕೀಲೆಣ್ಣೆ ಕುಡಿದ ಕಾರು

ನಮ್ಮ ಹೊಲ ಇದ್ದದ್ದು ಸಾರಕ್ಕಿಯಲ್ಲಿ. ಬಡಾವಣೆಗೆ ಬೇಕು ಅಂತ ಸರ್ಕಾರದವರು ತೆಗೆದುಕೊಂಡರು. ಬದುವಿನ ಮೇಲೆ ಗುರುತಿನ ಕಲ್ಲು ನೆಟ್ಟ ದಿನ ನಾನು ಮನೆಯಲ್ಲಿ ರಾಗಿ ಬೀಸುವ ಕಲ್ಲಿನ ಮುಂದೆ ಕೂತಿದ್ದೆ, ಏಳಲಿಲ್ಲ. ಬಂದ ಪರಿಹಾರಕ್ಕೆ ಎತ್ತು ಗಾಡಿ ಮಾರಿದ್ದನ್ನೂ ಸೇರಿಸಿ ನನ್ನ ಗಂಡ ಒಂದು ಹಳೇ ಕಾರು ತಂದ. ಬಾಡಿಗೆಗೆ ಓಡಿಸುತ್ತೇನೆ, ಎತ್ತು ಹೊಡೆದವನಿಗೆ ಇದೇನು ಮಹಾ ಅಂದ. ಓಡಿಸುವುದನ್ನು ಬೇಗನೇ ಕಲಿತ, ಅದು ಸುಳ್ಳಲ್ಲ.

ಗಾಡಿ ಕೊಟ್ಟರೂ ಗಾಡಿಯ ಹಿಂದೆ ನೇತಾಡುತ್ತಿದ್ದ ಕೀಲೆಣ್ಣೆಯ ಗೊಟ್ಟವನ್ನು ಕೊಡಲಿಲ್ಲ. ಬಿದಿರಿನ ಕೊಳವೆ ಅದು, ಒಳಗೆ ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿದ್ದು, ಗಾಲಿಯ ಅಚ್ಚಿಗೆ ಬಳಿಯುವುದಕ್ಕೆ. ನಮ್ಮ ಕಡೆ ಗಾಡಿ ಕಿರುಗುಟ್ಟಿಕೊಂಡು ಊರೊಳಗೆ ಬಂದರೆ ಮಾನ ಹೋದ ಹಾಗೆ. ಕೀಲೆಣ್ಣೆಗೂ ಗತಿಯಿಲ್ಲದವನು ಅನ್ನುತ್ತಿದ್ದರು. ಹೆಣ್ಣು ಕೊಡುವವರು ಅದನ್ನೂ ಕಿವಿಗೊಟ್ಟು ಕೇಳುತ್ತಿದ್ದರು. ಇವನ ಗಾಡಿ ಬಾಗಿಲಿಗೆ ಬಂದು ನಿಂತದ್ದೇ ತಿಳಿಯಲಿಲ್ಲ ಅಂತ ನಮ್ಮಪ್ಪ ನನ್ನನ್ನು ಕೊಟ್ಟದ್ದು.

ಗೊಟ್ಟವನ್ನು ತಂದು ಕಾರಿನ ಡಿಕ್ಕಿಯಲ್ಲಿಟ್ಟ. ಅಲ್ಲಿ ಅದಕ್ಕೇನು ಕೆಲಸ ಅಂದರೆ, ಇರಲಿ ಬಿಡು ಅಂದ.

ಆಗ ನಮ್ಮ ಹೊಲದಲ್ಲಿ ಮನೆಗಳು ಏಳುತ್ತಿದ್ದವು. ಹೊಲ ಕಳಕೊಂಡವರು ಕೆಲವರು ಅಲ್ಲೇ ಕಲ್ಲು ಮಣ್ಣು ಹೊರುತ್ತಿದ್ದರು. ನನ್ನ ಗಂಡ ಆ ದಾರಿಯಲ್ಲಿ ಹೋಗುತ್ತಿರಲಿಲ್ಲ, ಸುತ್ತು ಹಾಕಿಕೊಂಡು ಬರುತ್ತಿದ್ದ. ಒಂದು ಸಲ ಊಟಕ್ಕೆ ಕೂತಾಗ ಹೇಳಿದ: "ಈ ಕಾರು ನಿಂತ್ರೆ ನಾನೂ ಅಲ್ಲೇ ಹೋಗ್ಬೇಕು, ನಮ್ಮ ಹೊಲಕ್ಕೇ ಕೂಲಿಗೆ. ಅದೊಂದು ಬ್ಯಾಡ." ಮತ್ತೆ ಮುದ್ದೆ ಮುರಿದ.

ಮಾರನೇ ಬೇಸಿಗೆಯಲ್ಲಿ ಕಾರು ಕೂಗುವುದಕ್ಕೆ ಶುರುವಾಯಿತು. ಬೆಳಗಿನ ತಂಪಿನಲ್ಲಿ ಏನೂ ಇಲ್ಲ. ಬಿಸಿಲು ಏರಿದ ಮೇಲೆ ಮುಂದುಗಡೆಯಿಂದ ಕೀಂಯ್ ಅಂತ ಸದ್ದು. ವೇಗ ಕೊಟ್ಟಷ್ಟೂ ಜೋರು. ಅರಳೀಕಟ್ಟೆಯಲ್ಲಿ ಕೂತಿದ್ದವನೊಬ್ಬ, "ಏನಣ್ಣ, ಎತ್ತು ಮಾರಿ ಹಂದಿ ತಂದ್ಯಾ? ಕುತ್ತಿಗೆ ಕುಯ್ದಂಗೆ ಕಿರುಚ್ತದಲ್ಲ" ಅಂದ. ಎಲ್ಲರೂ ನಕ್ಕರು. ನನ್ನ ಗಂಡ ನಗಲಿಲ್ಲ.

ಮಧ್ಯಾಹ್ನ ಬೇವಿನ ಮರದ ಕೆಳಗೆ ಕಾರು ನಿಲ್ಲಿಸಿ, ಇಂಜಿನ್ ಆರಿಸದೆ ಮುಚ್ಚಳ ಎತ್ತಿದ. ಗುದ್ದಲಿಯ ಕಾವು ತಂದು, ಒಂದು ತುದಿ ಕಬ್ಬಿಣಕ್ಕೆ, ಇನ್ನೊಂದು ತುದಿ ಕಿವಿಗೆ ಇಟ್ಟುಕೊಂಡು ಅಲ್ಲಿ ಇಲ್ಲಿ ಕೇಳಿದ. ಬಸುರಿಯ ಹೊಟ್ಟೆಗೆ ಕಿವಿ ಕೊಟ್ಟ ಹಾಗೆ ಇತ್ತು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ನೋಡುತ್ತಾ ನಿಂತೆ. ಕಡೆಗೆ ತೋರಿಸಿದ. ಇಂಜಿನ್ನಿನ ಮುಂದೆ ಒಂದು ಫ್ಯಾನು, ಅದನ್ನು ತಿರುಗಿಸುವುದಕ್ಕೆ ಒಂದು ರಬ್ಬರು ಪಟ್ಟಿ. ಅದೇ ಫ್ಯಾನು ಗಾಳಿ ಎಳೆದು ಇಂಜಿನ್ ತಂಪು ಮಾಡುವುದಂತೆ, ಅದರ ಅಚ್ಚೇ ಇಂಜಿನ್ನಿನ ಒಳಗಿನ ನೀರನ್ನೂ ಸುತ್ತಿಸುವುದಂತೆ. ಸದ್ದು ಪಟ್ಟಿಯದೇ ಅಂದ. ವರ್ಕ್‌ಶಾಪಿಗೆ ತೋರಿಸು ಅಂದೆ. ಕೂಗಿದ್ದಕ್ಕೆಲ್ಲ ವರ್ಕ್‌ಶಾಪ್ ಯಾಕೆ ಅಂತ ಡಿಕ್ಕಿ ತೆಗೆದು ಗೊಟ್ಟ ತಂದ.

ಕೋಳಿಪುಕ್ಕ ಅದ್ದಿ ಪಟ್ಟಿಗೆಲ್ಲ ಬಳಿದ. ಸದ್ದು ಅಡಗಿತು, ಪೂರ್ತಿ. ಅವತ್ತು ಅವನು ಅರಳೀಕಟ್ಟೆಯ ಮುಂದೆ ಸುಮ್ಮಸುಮ್ಮನೆ ಒಂದು ಸುತ್ತು ಹೋಗಿ ಬಂದ.

ಜಯನಗರದ ಒಬ್ಬರು ಅಮ್ಮನವರು ವಾರ ವಾರ ನಮ್ಮ ಕಾರನ್ನೇ ಕರೆಸುತ್ತಿದ್ದರು, ಮಲ್ಲೇಶ್ವರದಲ್ಲಿದ್ದ ಮಗಳ ಮನೆಗೆ ಹೋಗುವುದಕ್ಕೆ. ನಮ್ಮ ಒಲೆ ಉರಿಯುತ್ತಿದ್ದದ್ದು ಹೆಚ್ಚಾಗಿ ಆ ಬಾಡಿಗೆಯಲ್ಲಿ. ಆ ವಾರ ಮಾವಿನ ಉಪ್ಪಿನಕಾಯಿಯ ಜಾಡಿ ಇತ್ತು. ಅಲುಗದ ಹಾಗೆ ಹಿಡಿದುಕೊಳ್ಳಲಿ ಅಂತ ನನ್ನನ್ನೂ ಮುಂದೆ ಕೂರಿಸಿದರು. ಬೆಂಕಿಯಂಥ ಬಿಸಿಲು.

"ಏನಪ್ಪಾ, ಇವತ್ತು ಕಾರು ಸದ್ದೇ ಮಾಡ್ತಿಲ್ವಲ್ಲ?" ಅಂದರು ಅಮ್ಮನವರು.

"ಅದುಕ್ಕೆ ಬಾಯಾರಿತ್ತು ಅಮ್ಮಾವ್ರೆ. ಕುಡಿಸ್ದೆ" ಅಂದ ನನ್ನ ಗಂಡ. ಅವನ ಮುಖ ನೋಡಿದೆ. ಹೊಲ ಹೋದಮೇಲೆ ಆ ಮುಖ ನಾನು ಕಂಡಿರಲಿಲ್ಲ.

ಲಾಲ್‌ಬಾಗ್ ಗೋಡೆಯ ಪಕ್ಕ ಏರು ಹತ್ತುವಾಗ ಹರಳೆಣ್ಣೆ ಸುಟ್ಟ ವಾಸನೆ ಬಂತು. ಆಮೇಲೆ ಕಾದ ಕಬ್ಬಿಣದ್ದು. ಮುಚ್ಚಳದ ಸಂದಿಯಿಂದ ಹಬೆ ಎದ್ದಿತು. ಅವನು ಕಾರು ನಿಲ್ಲಿಸಿ ಮುಚ್ಚಳ ಎತ್ತಿದ. ಇಂಜಿನ್ ಇನ್ನೂ ಓಡುತ್ತಿತ್ತು. ಫ್ಯಾನು ಮಾತ್ರ ನಿಂತಿತ್ತು. ಎಣ್ಣೆಯ ಪಟ್ಟಿ ಅದರ ಚಕ್ರದ ಮೇಲೆ ಸುಮ್ಮನೆ ಜಾರಿಕೊಂಡು ಹೊಗೆ ಬಿಡುತ್ತಿತ್ತು.

ಓಡಿ ಹೋಗಿ ಬೀದಿ ನಲ್ಲಿಯಿಂದ ಯಾರದೋ ಕೊಡದ ತುಂಬ ನೀರು ತಂದ. ಉತ್ತು ಬಂದ ಎತ್ತಿನ ಮೈಮೇಲೆ ಹುಯ್ಯುವ ಹಾಗೆ ಒಂದೇ ಸಲಕ್ಕೆ ಹುಯ್ದ. ಒಳಗೆ ಟಣ್ ಅಂತ ಒಂದು ಸದ್ದಾಯಿತು. ದೊಡ್ಡದೇನಲ್ಲ, ಮಡಕೆ ಬಿರಿದಷ್ಟು. ಇಂಜಿನ್ ನಿಂತಿತು.

ಅಮ್ಮನವರು ಬೈಯಲಿಲ್ಲ. ಜಟಕಾ ಕರೆದು, ಜಾಡಿ ಈಸಿಕೊಂಡು ಹೋದರು. ಮುಂದಿನ ವಾರ ಕರೆಸಲೂ ಇಲ್ಲ.

ಕಾರು ಆರಿದ ಮೇಲೆ ಅವನು ಪಟ್ಟಿ ಬಿಚ್ಚಿ ಫ್ಯಾನನ್ನು ಕೈಯಲ್ಲಿ ತಿರುಗಿಸಿ ನೋಡಿದ. ತಿರುಗಲಿಲ್ಲ. ಎರಡು ಕೈ ಹಾಕಿ ಎಳೆದ. ಗರ್ ಅಂತ ಅರ್ಧ ಸುತ್ತಿಗೆ ನಿಂತಿತು, ಒಳಗೆ ಮರಳು ತುಂಬಿದ ಹಾಗೆ. ಅಚ್ಚು ಹಿಡಿದುಕೊಂಡಿತ್ತು. ಅವನು ಅಲ್ಲೇ ರಸ್ತೆಯ ಅಂಚಿಗೆ ಕೂತ.

"ಫ್ಯಾನು ತಿರುಗ್ತಾ ಇಲ್ಲ, ನೋಡು ಅಂತ ಕೂಗ್ತಿತ್ತು ಕಣೆ ಅದು. ನಾನು ಬಾಯಿ ಮುಚ್ಚಿಸ್ದೆ."

ಜಾಡಿಯಿಂದ ಸುರಿದ ಎಣ್ಣೆ ನನ್ನ ಮಡಿಲೆಲ್ಲ ಆಗಿತ್ತು, ಅದನ್ನು ಒರೆಸಿಕೊಂಡೆ.

ವರ್ಕ್‌ಶಾಪಿನವರು ಕಾದದ್ದಕ್ಕೆ ತಣ್ಣೀರು ಬಿದ್ದು ಇಂಜಿನ್ ಸೀಳಿದೆ, ಇದಕ್ಕೆ ದುಡ್ಡು ಹಾಕುವುದು ದಂಡ ಅಂದರು. ಬೇವಿನ ಮರದ ಕೆಳಗೆ ತಂದು ನಿಲ್ಲಿಸಿದೆವು. ಕೋಳಿಗಳು ಸೀಟಿನ ಮೇಲೆ ಮೊಟ್ಟೆ ಇಟ್ಟವು. ಆಮೇಲೆ ಗುಜರಿಯವನು ಎಳೆದುಕೊಂಡು ಹೋದ.

ಅವನು ತಲೆಗೆ ಸಿಂಬಿ ಸುತ್ತಿಕೊಂಡು ಕೂಲಿಗೆ ಹೋದ. ನಮ್ಮ ಬಾವಿ ಇದ್ದ ಜಾಗಕ್ಕೆ ತಾನೇ ಮಣ್ಣು ಹೊತ್ತು ಸುರಿದು ಮುಚ್ಚಿದ. ಸಂಜೆ ಬಂದು, ಮುಚ್ಚಿತು ಅಂದ, ಅಷ್ಟೆ. ಆ ಮೇಲೆ ನನ್ನ ಹತ್ತಿರವೂ ಹೆಚ್ಚು ಮಾತಾಡಲಿಲ್ಲ. ಜಗಳಕ್ಕೆಳೆದರೂ ಬರಲಿಲ್ಲ. ಎರಡು ಬೇಸಿಗೆ ಹಾಗೆ ಕಳೆದ. ಮೂರನೆಯದರಲ್ಲಿ ಕಲ್ಲು ಹೊತ್ತುಕೊಂಡೇ ಕುಸಿದ. ನಮ್ಮ ಅವರೆ ಸಾಲು ಇದ್ದ ಕಡೆ.

ತಿಥಿ ಕಳೆದ ಮೇಲೆ ಮೂಲೆಯಲ್ಲಿ ಆ ಗೊಟ್ಟ ಸಿಕ್ಕಿತು. ಸೌದೆ ಇರಲಿಲ್ಲ, ಒಲೆಗೆ ಹಾಕಿದೆ. ಎಣ್ಣೆ ಕುಡಿದ ಬಿದಿರು, ಚೆನ್ನಾಗಿ ಉರಿಯಿತು. ಒಂದು ಹೊತ್ತಿನ ಮುದ್ದೆ ಬೆಂದಿತು. ಒಬ್ಬಳಿಗೆ ಎಷ್ಟು ಬೇಕು? ಆದರೂ ಕೈ ರೂಢಿಗೆ ಇಬ್ಬರಿಗೆ ಆಗುವಷ್ಟು ತೊಳಸಿದ್ದೆ.