ನಮ್ಮ ಕೆಂದನ ಇಂಗ್ಲಿಷ್

ನಾನು ಚಿಕ್ಕವನಿದ್ದಾಗ ನಮ್ಮೂರಿನಲ್ಲಿ ಇಂಗ್ಲಿಷ್ ಮಾತನಾಡೋಣವೆಂದರೆ ಎದುರಿಗೆ ಒಬ್ಬ ಆಳೂ ಸಿಗುತ್ತಿರಲಿಲ್ಲ. ಗುಂಡ್ಲುಪೇಟೆಯಿಂದ ತೆರಕಣಾಂಬಿಗೆ ಹೋಗುವ ರಸ್ತೆ ಬಿಟ್ಟು ಗಾಡಿದಾರಿಯಲ್ಲಿ ಒಳಗೆ ನಡೆದರೆ ಸಿಗುವ ಸಣ್ಣ ಊರು ನಮ್ಮದು. ಮನೆಯಲ್ಲಿ ಅಪ್ಪ, ಅವ್ವ, ಅಕ್ಕ ಮತ್ತು ನಾನು. ಕೊಟ್ಟಿಗೆಯಲ್ಲಿ ಬಿಳಿಯ ಅನ್ನುವ ವಯಸ್ಸಾದ ಎತ್ತು, ಕೆಂದ ಅನ್ನುವ ಹೋರಿಗರು. ಕೆಂದನ ಮೈ ಆಗತಾನೇ ತಿಕ್ಕಿಟ್ಟ ತಾಮ್ರದ ಚೆಂಬಿನ ಬಣ್ಣ.

ಅಕ್ಕ ಗುಂಡ್ಲುಪೇಟೆಯ ಹೈಸ್ಕೂಲಿಗೆ ಹೋಗುತ್ತಿದ್ದಳು. ಆ ವರ್ಷ ಅವಳ ಇಂಗ್ಲಿಷ್ ಮೇಷ್ಟ್ರು ಒಂದು ವಿಚಿತ್ರವಾದ ಪಾಠ ತೆಗೆದಿದ್ದರು. ಇಂಗ್ಲಿಷಿನ ಒಂದು ಮಾತಿನ ಹಿಂದೆ ಚೋಟುದ್ದದ ಇನ್ನೊಂದು ಮಾತು ಸೇರಿಸಿಬಿಟ್ಟರೆ ಅರ್ಥವೇ ಬೇರೆಯಾಗುತ್ತದಂತೆ. ‘ಗೆಟ್ ಅಪ್’ ಅಂದರೆ ಏಳು, ‘ಗೆಟ್ ಡೌನ್’ ಅಂದರೆ ಇಳಿ. ‘ಗಿವ್’ ಅಂದರೆ ಕೊಡು, ಆದರೆ ‘ಗಿವ್ ಅಪ್’ ಅಂದರೆ ಕೈಚೆಲ್ಲಿಬಿಡು. ಆಗಷ್ಟೇ ಎ, ಬಿ, ಸಿ, ಡಿ ಕಲಿಯುತ್ತಿದ್ದ ನನಗೆ ಇದು ತಲೆಬುಡ ತಿಳಿಯಲಿಲ್ಲ.

“ಕೊಡೋದಕ್ಕೂ ಕೈಚೆಲ್ಲೋದಕ್ಕೂ ಎಲ್ಲಿಂದೆಲ್ಲಿಗಕ್ಕಾ?” ಅಂದೆ.

“ಅದ್ನೆಲ್ಲ ಕೇಳ್ಬ್ಯಾಡ ಕಣ್ಲಾ. ದಿನಾ ಬಾಯಲ್ಲಿ ಆಡ್ತಾ ಇದ್ರೆ ತಾನಾಗೇ ಬತ್ತದೆ ಅಂತ ಮೇಷ್ಟ್ರು ಅಂದವ್ರೆ” ಅಂದಳು ಅಕ್ಕ.

ಆಡುವುದು ಸರಿ, ಯಾರ ಹತ್ತಿರ ಆಡುವುದು? ಅವ್ವನಿಗೆ ‘ಹರಿ ಅಪ್’ ಅಂದರೆ ಮುದ್ದೆ ಕೋಲು ಹಿಡಿದು ಅಟ್ಟಿಸಿಕೊಂಡು ಬಂದಳು. ಅಪ್ಪನೋ, ದಿನವೆಲ್ಲ ಹೊಲದಲ್ಲಿದ್ದು ಸಂಜೆ ಬಂದವನೇ ಉಂಡು ಮಲಗುತ್ತಿದ್ದ. ಉಳಿದವನು ಕೆಂದ. ಹೇಳಿದ್ದನ್ನೆಲ್ಲ ಕಿವಿ ನಿಮಿರಿಸಿ ಕೇಳುತ್ತಿದ್ದವನು ಇಡೀ ಮನೆಯಲ್ಲಿ ಅವನೊಬ್ಬನೇ.

ಕರುವಿಗೆ ನೊಗ ಕಟ್ಟುವ ದಿನದವರೆಗೂ ಅದರ ಆರೈಕೆ ಮಕ್ಕಳದ್ದು ಅನ್ನುವುದು ನಮ್ಮ ಮನೆಯ ಪದ್ಧತಿ. ಹೀಗಾಗಿ ಕೆಂದ ಪೂರ್ತಿ ನಮ್ಮ ಕೈಯಲ್ಲೇ ಇದ್ದ. ಬೆಳಿಗ್ಗೆ ಕೊಟ್ಟಿಗೆಗೆ ಹೋಗಿ “ಗೆಟ್ ಅಪ್ ಕೆಂದ, ಇಟ್ ಈಸ್ ಲೇಟ್” ಅನ್ನುತ್ತಿದ್ದೆವು. ಹುಳಿವಾಸನೆಯ ಕಲಗಚ್ಚಿನ ಬಾನಿ ಮುಂದಿಟ್ಟು “ಡ್ರಿಂಕ್ ಅಪ್ ಯುವರ್ ವಾಟರ್” ಅನ್ನುತ್ತಿದ್ದೆವು. ಬರೀ ಪದ ಸಾಲದು, ಪೂರ್ತಿ ವಾಕ್ಯವೇ ಬೇಕು ಅಂತ ಅಕ್ಕನ ಹಟ. ಸಂಜೆ ಅವನ ಹಿಂದೆ ಮರದ ಕೊರಡು ಕಟ್ಟಿ ಎಳೆಸುವಾಗಲೂ ಅಷ್ಟೆ, “ಕಮ್ ಆನ್”, “ಗೋ ಆನ್”, “ಟರ್ನ್ ಅರೌಂಡ್”, “ಸ್ಲೋ ಡೌನ್”. ಸರಿಯಾಗಿ ಮಾಡಿದರೆ ಒಂದು ಹಿಡಿ ಹುರುಳಿ. ನಮಗೆ ಬಾಯಿಗೆ ಬರುವ ಮೊದಲೇ ಕೆಂದನಿಗೆ ಎಲ್ಲ ಕಾಲಿಗೆ ಬಂದಿತ್ತು.

ಬೇಸಿಗೆ ರಜೆಯಲ್ಲಿ ಒಂದು ಸಂಜೆ ಭರಣಿ ಮಳೆ ಚೆನ್ನಾಗಿ ಹುಯ್ಯಿತು. ಮಾರನೆಯ ಬೆಳಿಗ್ಗೆ ಊರಿಗೆ ಊರೇ ಹಸಿಮಣ್ಣಿನ ವಾಸನೆ. ಮಣ್ಣು ಆರುವಷ್ಟರಲ್ಲಿ ಉತ್ತು ಜೋಳ ಬಿತ್ತಬೇಕು. ಬಿಳಿಯನ ಜೊತೆಯ ಎತ್ತು ಹಿಂದಿನ ವರ್ಷವೇ ಸತ್ತುಹೋಗಿತ್ತು. ಅಪ್ಪ ಕೆಂದನ ಹಣೆಗೆ ಕುಂಕುಮವಿಟ್ಟು, ಮೊದಲ ಸಲ ಅವನ ಹೆಗಲಿಗೆ ನೊಗ ಏರಿಸಿದ. ನಾನು ಹೆಮ್ಮೆಯಿಂದ ಬದುವಿನ ಮೇಲೆ ಕುಳಿತೆ.

“ಹೋಯ್, ನಡಿಲಾ!” ಅಂದ ಅಪ್ಪ. ಬಿಳಿಯ ಕಾಲು ಎತ್ತಿಟ್ಟ. ಕೆಂದ ನಿಂತಲ್ಲೇ ನಿಂತ. ನೊಗ ಓರೆಯಾಗಿ ನೇಗಿಲು ಪಕ್ಕಕ್ಕೆ ವಾಲಿತು. ಮತ್ತೆ ನೆಟ್ಟಗೆ ಮಾಡಿ ಅಪ್ಪ ಬಾ ಬಾ ಅಂದ, ಮುದ್ದು ಮಾಡಿದ, ಬೈದ, ಬಾಲ ಹಿಡಿದು ತಿರುಚಿದ. ಕೆಂದ ಹಿಂದೆ ತಿರುಗಿ ಅಪ್ಪನನ್ನೇ ನೋಡುತ್ತಿದ್ದ. ಪಕ್ಕದ ಹೊಲದಲ್ಲಿ ಉಳುತ್ತಿದ್ದ ದೊಡ್ಡಪ್ಪನ ಬಾಯಿ ಸುಮ್ಮನಿರಲಿಲ್ಲ.

“ಏನ್ಲಾ ತಮ್ಮ, ಕರಕ್ಕೆ ನೊಗ ಕಟ್ಟಿದ್ದೀಯಾ, ಇಲ್ಲಾ ಹಾರ ಹಾಕಿದ್ದೀಯಾ? ಮೆರವಣಿಗೆಗೆ ನಿಂತಂಗೆ ನಿಂತದಲ್ಲಾ!”

ಆ ಗೇಲಿಗೋ ಏನೋ, ಕೆಂದ ಮುಂಗಾಲು ಮಡಿಸಿ ಮಣ್ಣಿನಲ್ಲಿ ಕುಳಿತೇಬಿಟ್ಟ. ಅಪ್ಪನ ಮುಖ ಕಪ್ಪಿಟ್ಟಿತು. ಬಿಸಿಲು ಏರುತ್ತಿತ್ತು, ಒಂದು ಸಾಲೂ ಎದ್ದಿರಲಿಲ್ಲ.

“ಇದು ಉಳೋ ಕರ ಅಲ್ಲ ಬುಡು. ತೆರಕಣಾಂಬಿ ಸಂತೆಗೆ ಒಡ್ಕಂಡೋಗಿ, ಪಳಗಿರೋ ಎತ್ತಿಗೆ ಬದ್ಲಾಯಿಸ್ಕಂಡು ಬತ್ತೀನಿ” ಅಂದ.

ನಾನು ಅಳಲು ಶುರುಮಾಡಿದೆ. ಸಂತೆಗೆ ಹೋದ ದನ ಮತ್ತೆ ಕಣ್ಣಿಗೆ ಬೀಳುವುದಿಲ್ಲ ಅನ್ನುವುದು ನನಗೆ ಗೊತ್ತಿತ್ತು. ಅಷ್ಟರಲ್ಲಿ ತಲೆಯ ಮೇಲೆ ಬುತ್ತಿ ಹೊತ್ತು ಅಕ್ಕ ಬಂದಳು. ಮಣ್ಣಿನಲ್ಲಿ ಕುಳಿತ ಕೆಂದನನ್ನು ನೋಡಿದಳು, ಅಳುತ್ತಿದ್ದ ನನ್ನನ್ನು ನೋಡಿದಳು. “ಅಯ್ಯೋ ಪೆದ್ದೇ, ಅಪ್ಪನ ಮಾತು ಅದಕ್ಕೆಲ್ಲಿ ಗೊತ್ತಾಯ್ತದೆ? ನೀನು ಏಳ್ಲಾ!” ಅಂತ ನನ್ನ ಬೆನ್ನಿಗೊಂದು ಗುದ್ದಿದಳು.

ನಾನು ಬದುವಿನಿಂದ ಹಾರಿ, ಇದ್ದಷ್ಟೂ ಗಂಟಲು ತೆಗೆದು ಕೂಗಿದೆ. “ಕೆಂದ! ಗೆಟ್ ಅಪ್!”

ಕೆಂದ ದಡಕ್ಕನೆ ಎದ್ದ.

“ಕಮ್ ಆನ್, ಕೆಂದ! ಗೋ ಆನ್!”

ಹೊರಟ ನೋಡಿ! ನೇಗಿಲಿನ ಮೇಲೆ ಕೈಯಿಟ್ಟುಕೊಂಡು ಯೋಚನೆಯಲ್ಲಿದ್ದ ಅಪ್ಪ ಮುಗ್ಗರಿಸಿಕೊಂಡೇ ಹಿಂದೆ ಓಡಿದ. ಕೆಂಪು ಮಣ್ಣು ಎರಡೂ ಕಡೆ ಹೊರಳಿ ಉದ್ದಕ್ಕೆ ಸಾಲು ಎದ್ದಿತು. ಹೊಲದ ಕೊನೆಯಲ್ಲಿ “ಟರ್ನ್ ಅರೌಂಡ್” ಅಂದೆ. ಕೆಂದ ತಿರುಗಿದ, ಬಿಳಿಯ ತಿರುಗಲಿಲ್ಲ. ಪಾಪ, ಅವನಿಗೆ ಬರುತ್ತಿದ್ದುದು ಕನ್ನಡ ಮಾತ್ರ. “ತಿರುಗ್ಲಾ ಬಿಳಿಯಾ” ಅಂತ ಅಪ್ಪ ಕೂಗಬೇಕಾಯಿತು. ಹಾಗೇ ಬೇಸಾಯ ಸಾಗಿತು. ಬಿಳಿಯನಿಗೆ ಅಪ್ಪನ ಕನ್ನಡ, ಕೆಂದನಿಗೆ ನನ್ನ ಇಂಗ್ಲಿಷ್. ದೊಡ್ಡಪ್ಪ ತನ್ನ ಎತ್ತುಗಳನ್ನು ನಿಲ್ಲಿಸಿ, ಬದುವಿನ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕ.

ಊಟದ ಹೊತ್ತಿಗೆ ನನ್ನ ಗಂಟಲು ಕಟ್ಟಿಹೋಗಿತ್ತು. ಹೊಂಗೆ ಮರದ ನೆರಳಿನಲ್ಲಿ ಅಕ್ಕ ಮುದ್ದೆ, ಉಪ್ಸಾರು ಬಡಿಸಿದಳು. ಇನ್ನು ಕೆಂದ ಉಳಿದ ಅಂದುಕೊಂಡು ನಾನು ಖುಷಿಯಲ್ಲಿ ಮುದ್ದೆ ಮುರಿಯುತ್ತಿದ್ದೆ. ಅಪ್ಪ ಮಾತ್ರ ತಲೆ ಎತ್ತಲಿಲ್ಲ.

“ಇವತ್ತೇನೋ ಆಯ್ತು ಕಣ್ಲಾ ಮಗ. ಸ್ಕೂಲು ಬಾಗ್ಲು ತೆಗುದ್ರೆ ನೀವಿಬ್ರೂ ಓದಕ್ಕೋಯ್ತೀರಿ. ಆಗ ಇದರ ಮುಂದೆ ಒದರೋರು ಯಾರು? ಸಂತೆಗೆ ಕೊಡೋದೇ ಸೈ” ಅಂದ.

ಮುರಿದ ಮುದ್ದೆಯನ್ನು ತಟ್ಟೆಗೇ ಬಿಟ್ಟು ನಾನು ಮತ್ತೆ ಅಳತೊಡಗಿದೆ. ಅಕ್ಕ ಬಡಿಸುವುದನ್ನು ನಿಲ್ಲಿಸಿದಳು. “ಅಪ್ಪಾ, ಮೂಕಪ್ರಾಣಿ ಅದು, ಅದೇ ಕಲ್ತದೆ. ನಿಂಗೆ ಬರಾಕಿಲ್ವಾ?” ಅಂದುಬಿಟ್ಟಳು.

ಅಪ್ಪ ಬೈಯುತ್ತಾನೆ ಅಂತ ನಾನು ಕಣ್ಣು ಮುಚ್ಚಿಕೊಂಡೆ. ಅವನು ಬೈಯಲಿಲ್ಲ. ಕೈ ತೊಳೆದ, ಮೀಸೆ ಒರೆಸಿಕೊಂಡ. ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ದೊಡ್ಡಪ್ಪ ದೂರದಲ್ಲಿದ್ದಾನೆಯೇ ಅಂತ ಖಾತ್ರಿ ಮಾಡಿಕೊಂಡು ಅಕ್ಕನ ಪಕ್ಕಕ್ಕೆ ಜರುಗಿ, ಗುಟ್ಟು ಕೇಳುವವನಂತೆ ಪಿಸುಗುಟ್ಟಿದ. “ನಡಿ ಅನ್ನಕ್ಕೆ ಏನಂದ್ರವ್ವ ನೀವು?”

ಅಕ್ಕ ಹೇಳಿಕೊಟ್ಟಳು. ಅಪ್ಪ ಎದ್ದು ನೇಗಿಲು ಹಿಡಿದ, ಗಂಟಲು ಸರಿಮಾಡಿಕೊಂಡ. “ಕಮ್ಮಾನು ಕೆಂದಾ! ಗೋವಾನು!”

ಕೆಂದ ಒಂದು ಕಿವಿ ಹಿಂದಕ್ಕೆ ತಿರುಗಿಸಿದ. ಅಪ್ಪ ಇನ್ನೊಂದು ಸಲ ಅಂದ. ಕೆಂದ ಹೆಜ್ಜೆ ಕಿತ್ತ! ನಾನು ಬಿಸಿಲಿನಲ್ಲಿ ಕುಣಿದೆ, ಅಕ್ಕ ಚಪ್ಪಾಳೆ ತಟ್ಟಿ ಕುಣಿದಳು. ಸಂಜೆಯ ಹೊತ್ತಿಗೆ ಅಪ್ಪನಿಗೆ ‘ಸುಲೋಡೌನು’, ‘ಟರ್ನರೌಂಡು’ ಎಲ್ಲ ಬಂದಿದ್ದವು. ಅಕ್ಕ ‘ಗಿವ್ ಅಪ್’ ಕಲಿಸಲು ಹೋದಾಗ ಮಾತ್ರ ಅಪ್ಪ ತಲೆ ಆಡಿಸಿಬಿಟ್ಟ. “ಕೈಚೆಲ್ಲೋದಾ? ಅದು ನಮ್ಗ್ಯಾಕೆ ಕಣಮ್ಮಿ, ಬುಡು.” ಹೊತ್ತು ಮುಳುಗುವಾಗ ಪಕ್ಕದ ಹೊಲದಿಂದಲೂ “ಗೋವಾನು, ಗೋವಾನು” ಅಂತ ಕೇಳಿಸುತ್ತಿತ್ತು. ದೊಡ್ಡಪ್ಪನ ಎತ್ತುಗಳು ಪಾಪ ಕಕ್ಕಾಬಿಕ್ಕಿಯಾಗಿ ನಿಂತಿದ್ದವು.

ಕೆಂದ ಸಂತೆಗೆ ಹೋಗಲಿಲ್ಲ. ಮುದಿಯಾಗಿ ಸಾಯುವವರೆಗೂ ನಮ್ಮ ಕೊಟ್ಟಿಗೆಯಲ್ಲೇ ಇದ್ದ.

ಈಗ ಆ ಹೊಲವನ್ನು ಟ್ರ್ಯಾಕ್ಟರ್ ಉಳುತ್ತದೆ. ಚಾಮರಾಜನಗರದ ಈ ಮನೆಯಲ್ಲಿ ನನ್ನ ಮೊಮ್ಮಕ್ಕಳು ‘ಲಾಗ್ ಇನ್’, ‘ಪ್ಲಗ್ ಇನ್’, ‘ಹ್ಯಾಂಗ್ ಅಪ್’ ಅಂತ ನೀರು ಕುಡಿದಷ್ಟು ಸಲೀಸಾಗಿ ಅನ್ನುತ್ತಾರೆ. ಮೇಜಿನ ಮೇಲಿನ ಪುಟ್ಟ ಪೆಟ್ಟಿಗೆಗೆ ‘ಟರ್ನ್ ಆನ್ ದ ಲೈಟ್’ ಅಂದರೆ ಸಾಕು, ದೀಪ ಹತ್ತಿಕೊಳ್ಳುತ್ತದೆ. ನೋಡಲು ನನಗೂ ಬಲು ಖುಷಿ, ನಾನೂ ಒಂದೆರಡು ಸಲ ಹೇಳಿ ನೋಡಿದ್ದೇನೆ. ಮೊನ್ನೆ ಚಿಕ್ಕ ಮೊಮ್ಮಗಳು, “ತಾತ, ನಿಮ್ಮಪ್ಪಂಗೆ ಇಂಗ್ಲಿಷ್ ಬರ್ತಿತ್ತಾ?” ಅಂತ ಕೇಳಿದಳು.

ಬರುತ್ತಿತ್ತು ಪುಟ್ಟಿ. ನೀವು ಸ್ಕೂಲಿಗೆಂದು ಕಲಿಯುತ್ತೀರಿ, ಪರೀಕ್ಷೆಗೆಂದು ಕಲಿಯುತ್ತೀರಿ, ಚೆನ್ನಾಗಿ ಕಲಿಯಿರಿ. ನಮ್ಮಪ್ಪ ಕಲಿತದ್ದು ಒಂದು ಬೊಗಸೆಯಷ್ಟೇ, ಅದೂ ಒಂದು ಮಧ್ಯಾಹ್ನದಲ್ಲಿ. ತನ್ನ ಮಗ ಅಳಬಾರದು ಅಂತ ಕಲಿತ.