ಮೂರು ಬೀಜಕ್ಕೆ ಒಂದೇ ಫಂಕ್ಷನ್

ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿ ಬೀಜ ಆರಿಸುವ ಯಂತ್ರಕ್ಕೆ ಪ್ರೋಗ್ರಾಂ ಬರೆಯುವುದು ನನ್ನ ಕೆಲಸ. ಕ್ಯಾಮೆರಾ ಒಂದೊಂದೇ ಬೀಜ ನೋಡುತ್ತದೆ. ಕೆಟ್ಟದ್ದು ಕಂಡರೆ ಯಂತ್ರ ಗಾಳಿ ಊದಿ ಅದನ್ನು ಹೊರಹಾಕುತ್ತದೆ. ಮೆಣಸಿನಕಾಯಿ, ಟೊಮೆಟೊ, ಬದನೆಗೆ ಬೇರೆ ಬೇರೆ ಫಂಕ್ಷನ್‌ಗಳಿದ್ದವು, ಮೂರೂ ಹೆಚ್ಚುಕಡಿಮೆ ಒಂದೇ. ನೋಡಿದಾಗಲೆಲ್ಲ ಮೈ ಪರಚಿಕೊಳ್ಳುವಂತಾಗುತ್ತಿತ್ತು. ಶೀಗಿ ಹುಣ್ಣಿಮೆಯ ಹಿಂದಿನ ದಿನ ಮೂರನ್ನೂ ಅಳಿಸಿ, ಯಾವ ಬೀಜಕ್ಕಾದರೂ ಸಲ್ಲುವ ಒಂದೇ ಜೆನೆರಿಕ್ ಫಂಕ್ಷನ್ ಬರೆದು ಮೀಸೆ ತಿರುವಿದೆ.

ಹುಣ್ಣಿಮೆಯ ಬೆಳಿಗ್ಗೆ ಯಂತ್ರ ತಡವರಿಸತೊಡಗಿತು. ಗಾಳಿ ಊದುವಷ್ಟರಲ್ಲಿ ಕೆಟ್ಟ ಬೀಜ ದಾಟಿ ಒಳ್ಳೆಯದರ ಚೀಲಕ್ಕೆ ಬಿದ್ದಿರುತ್ತಿತ್ತು. ಕೈಯಿಂದ ಆರಿಸುವ ಆರು ಹೆಂಗಸರಿಗೆ ಅಂದು ಮಧ್ಯಾಹ್ನವೇ ಬಿಡುವುದಾಗಿ ಮಾತು ಕೊಟ್ಟಿದ್ದೆ. ಅವರು ಹೊಲಕ್ಕೆ ಹೋಗಿ ಭೂಮಿತಾಯಿಗೆ ಎಡೆಯಾಗಿ ಚರಗ ಚೆಲ್ಲಬೇಕಿತ್ತು. ಈಗ ಚೀಲಗಳನ್ನೆಲ್ಲ ಸುರಿದು ಮತ್ತೆ ಆರಿಸುತ್ತ ಕೂತರು. ತೇವ ತಾಗಬಾರದೆಂದು ಕಿಟಕಿಯಿಲ್ಲದೆ ಕಟ್ಟಿದ ಕೋಣೆ. ಬೀಜವೆಲ್ಲ ಚೀಲ ಸೇರುವ ತನಕ ಬಾಗಿಲು ತೆರೆಯುವಂತಿಲ್ಲ. ನನ್ನಿಂದಾಗಿ ಅವರು ಸಿಕ್ಕಿಬಿದ್ದಿದ್ದರು, ಅವರೆದುರು ನಾನು. ತಲೆ ಎತ್ತಲು ನಾಚಿಕೆಯಾಗುತ್ತಿತ್ತು.

ಅವರಲ್ಲಿ ಹಿರಿಯರಾದ ಕರ್ಜಗಿಯ ಹೆಂಗಸು, "ಏನಾಗೇತಿ ತಮ್ಮಾ?" ಎಂದರು.

ಕಂಪ್ಯೂಟರ್ ಮೆಮೊರಿಯಲ್ಲಿ ಹೀಪ್ ಎಂಬ ದೊಡ್ಡ ಜಾಗವನ್ನು ರಾಶಿ ಎಂದು ಮಾಡಿ ಹೇಳಿದೆ. "ಒಂದೊಂದು ಬೀಜದ ಚಿತ್ರಾನೂ ರಾಶಿಗೆ ಹೊಂಟೇತಿ ಯವ್ವಾ. ರಾಶಿ ತುಂಬಿದಾಗೊಮ್ಮೆ ಕಸಾ ಹೊಡ್ಯಾಕ ಯಂತ್ರ ನಿಲ್ಲತೈತಿ."

"ನೋಡಿ ಒಗ್ಯೂದನ್ನ ರಾಶಿಗೆ ಯಾಕ ಒಯ್ತಿ? ಅಂಗೈಯಾಗ ಹಿಡಿ, ನೋಡು, ಬಿಡು."

ಹಳೆಯ ಫಂಕ್ಷನ್‌ಗಳು ಅದನ್ನೇ ಮಾಡುತ್ತಿದ್ದವು. ಬೀಜದ ಚಿತ್ರ ಯಾವ ಪರೀಕ್ಷೆಯ ಕೈಗೆ ಹೋಗುತ್ತದೆಂದು, ನಾನು ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್‌ಗೆ ಮೊದಲೇ ಕಾಣುತ್ತಿತ್ತು. ಸ್ಟ್ಯಾಕ್ ಎಂಬ ಅಂಗೈಯಷ್ಟು ಜಾಗದಲ್ಲಿಟ್ಟು, ಕೆಲಸ ಮುಗಿದೊಡನೆ ಬಿಡುತ್ತಿತ್ತು. ನನ್ನ ಜೆನೆರಿಕ್‌ನಲ್ಲಿ ಯಾವ ಬೀಜದ ಪರೀಕ್ಷೆ ಎಂಬುದು ಓಡುವಾಗಷ್ಟೇ ತಿಳಿಯುತ್ತದೆ. ಗೊತ್ತಿಲ್ಲದ ಕೈಗೆ ಕೊಡಬೇಕಾದದ್ದನ್ನು ಕಂಪೈಲರ್ ಹೀಪ್‌ಗೇ ಹಾಕುತ್ತದೆ. ಹುಷಾರಿ ಅದರದು, ತಪ್ಪು ನನ್ನದು.

ಮೂರು ಫಂಕ್ಷನ್‌ಗಳನ್ನೂ ತೆಪ್ಪಗೆ ಮತ್ತೆ ಬರೆದೆ. ಯಂತ್ರ ಸರಿಹೋಗಿ, ಬೀಜವೆಲ್ಲ ಚೀಲ ಸೇರಿ ಬಾಗಿಲು ತೆರೆದಾಗ ಹೊತ್ತು ಇಳಿದಿತ್ತು, ಚರಗದ ಹೊತ್ತು ಮೀರಿತ್ತು.

ಹಿರಿಯ ಹೆಂಗಸು ಡಬ್ಬಿ ಬಿಚ್ಚಿ ನನ್ನ ಮುಂದಿಟ್ಟರು. ಕಡುಬು, ಪುಂಡಿಪಲ್ಯ.

"ಭೂಮಿತಾಯಿಗಂತ ತಂದಿದ್ನಿ. ನೀ ಮುಂಜಾನಿಂದ ಏನೂ ಉಂಡಿಲ್ಲ, ತಿನ್ನು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ತಲೆ ತಗ್ಗಿಸಿಕೊಂಡೇ ಕಡುಬು ಮುರಿದೆ.