ಕೋಟಿನ ಗುಂಡಿಯಷ್ಟಾದಾಗ

ಇಸ್ತ್ರಿ ಅಕ್ಕನಿಗೆ ಸೊಕ್ಕು ತಲೆಗೇರಿದೆ ಎಂದು ಆ ಬೀದಿಯ ಗಿರಾಕಿಗಳೆಲ್ಲ ಒಂದು ಕಾಲದಲ್ಲಿ ತೀರ್ಮಾನಿಸಿದ್ದರು. ಇದನ್ನು ಬರೆಯುತ್ತಿರುವವನೂ ಆ ತೀರ್ಪಿಗೆ ಧಾರಾಳವಾಗಿ ರುಜು ಹಾಕಿದ್ದ. ಮೊದಲಾದರೆ ಗಿರಾಕಿಯ ಸುಳಿವು ಕಂಡೊಡನೆ ಎದ್ದು ಬಂದು ಬಟ್ಟೆಮೂಟೆಯನ್ನು ಎರಡೂ ಕೈಯಲ್ಲಿ ಇಸಿದುಕೊಳ್ಳುತ್ತಿದ್ದವಳು, ಈಗ ಗದ್ದ ಎತ್ತಿ "ಅಲ್ಲಿಡಿ" ಎನ್ನುತ್ತಿದ್ದಳು. ಗದ್ದದಿಂದ ಅಪ್ಪಣೆ ಕೊಡುವುದು ದೊಡ್ಡ ಮನುಷ್ಯರ ಹಕ್ಕು. ಮೆಟ್ಟಿಲಡಿಯ ಇಸ್ತ್ರಿ ಮೇಜಿನವಳಿಗೆ ಅದೆಲ್ಲಿಂದ ಬಂತು ಎಂಬುದು ಎಲ್ಲರ ಸಂಕಟ. ಎಡಗೈ ಮೇಲೇಳದೆ ಅವಳು ಗದ್ದವನ್ನು ಕೆಲಸಕ್ಕೆ ಹಚ್ಚಿದ್ದಾಳೆಂದು ಯಾರಿಗೂ ಹೊಳೆಯಲಿಲ್ಲ.

ಶುರುವಾದದ್ದು ಸಣ್ಣದಾಗಿಯೇ. ಒಂದು ದಿನ ಮೂಟೆಯನ್ನು ಕಂಕುಳಲ್ಲಿ ಇರುಕಿಕೊಂಡಾಗ ಎದೆಯ ಅಂಚಿನಲ್ಲಿ ಏನೋ ಒತ್ತಿತು. ಬಟ್ಟೆಯ ಮೇಲಿಂದಲೇ ಮುಟ್ಟಿ ನೋಡಿದಳು. ಬೀದಿಯ ಅಂಗಿಗಳನ್ನೆಲ್ಲ ಉಜ್ಜಿ ಬದುಕುವವಳಿಗೆ ಅಳತೆಗೋಲೂ ಅಲ್ಲಿನದೇ: ಅಂಗಿಯ ಗುಂಡಿಯಷ್ಟು. ನೋವಿರಲಿಲ್ಲ. ನೋಯದೇ ಇರುವುದು ರೋಗ ಹೇಗಾದೀತು, ರೋಗಕ್ಕೂ ಒಂದು ಮರ್ಯಾದೆ ಬೇಡವೇ ಎಂದುಕೊಂಡು ಕೆಂಡ ಊದಲು ಕೂತಳು.

ಆಸ್ಪತ್ರೆಗೆ ಹೋಗಬಾರದೆಂಬ ಹಟವೇನೂ ಇರಲಿಲ್ಲ. ಆದರೆ ದೊಡ್ಡಾಸ್ಪತ್ರೆಯ ಬಾಗಿಲು ತೆರೆಯುವುದೂ ಜನ ಆಫೀಸಿಗೆ ಹೊರಡುವುದೂ ಒಂದೇ ಹೊತ್ತಿಗೆ. ಚೀಟಿಗೆ ಒಂದು ಸಾಲು, ಡಾಕ್ಟರಿಗೆ ಇನ್ನೊಂದು ಸಾಲು, ಪರೀಕ್ಷೆಗೆ ನಾಳೆ, ಫಲಿತಾಂಶಕ್ಕೆ ಆಚೆ ವಾರ. ಇತ್ತ ಎದುರು ಬದಿಯಲ್ಲಿ "ಒಂದೇ ಗಂಟೆಯಲ್ಲಿ ಇಸ್ತ್ರಿ" ಎಂಬ ಬೋರ್ಡಿನ ಅಂಗಡಿ ಬಾಯಿ ತೆರೆದು ಕೂತಿತ್ತು. ನಾಲ್ಕು ದಿನ ಮೇಜು ಮುಚ್ಚಿದರೆ ಗಿರಾಕಿಗಳು ಸುಕ್ಕಿನ ಸಮೇತ ಅತ್ತ ದಾಟುತ್ತಾರೆ. ಗಂಡ ಇದ್ದ, ನಿಜ. ಆದರೆ ಅವನ ಖಾತೆ ಬಟ್ಟೆ ಮಡಿಸುವುದು, ಸೈಕಲ್ಲಿನಲ್ಲಿ ಮನೆಮನೆಗೆ ಮುಟ್ಟಿಸುವುದು. ಇಸ್ತ್ರಿ ಪೆಟ್ಟಿಗೆ ಅವನ ಕೈಗೆ ಸಿಕ್ಕರೆ ಕಾಲರಿನ ಮೇಲೆ ಕಂದು ಬಣ್ಣದ ಭೂಪಟ ಮೂಡುತ್ತಿತ್ತು.

ಅದೂ ಅಲ್ಲದೆ, ಡಾಕ್ಟರೇ ವಾರಕ್ಕೊಮ್ಮೆ ತನ್ನ ಮೇಜಿಗೆ ಬರುತ್ತಿರುವಾಗ ತಾನೇಕೆ ಡಾಕ್ಟರನ್ನು ಹುಡುಕಿಕೊಂಡು ಹೋಗಬೇಕು?

ಪ್ರತಿ ಶನಿವಾರ ಒಬ್ಬಾತ ಎರಡು ಬಿಳಿ ಕೋಟು ತಂದಿಡುತ್ತಿದ್ದ. ತೋಳಿಗೆ ಔಷಧದ ಘಾಟು. ಬಟ್ಟೆ ನೋಡಿ ಮನುಷ್ಯನನ್ನು ಹೇಳಬಲ್ಲೆ ಎಂಬುದು ಇಸ್ತ್ರಿ ಅಕ್ಕನ ಹೆಮ್ಮೆ. ಮೊಣಕೈ ಸವೆದಿದ್ದರೆ ಗುಮಾಸ್ತ, ಮೊಣಕಾಲು ಸವೆದಿದ್ದರೆ ಮೇಸ್ತ್ರಿ, ಎರಡೂ ಸವೆಯದಿದ್ದರೆ ಸಾಹೇಬ, ಬಿಳಿ ಕೋಟಾದರೆ ಡಾಕ್ಟರು. ಆತನೂ ಅಲ್ಲಗಳೆಯಲಿಲ್ಲ. ಮೊದಲ ಸಲ "ಡಾಕ್ಟ್ರೇ" ಎಂದಾಗ ತಿದ್ದಲು ಬಾಯಿ ತೆರೆದ. ಎರಡನೆಯ ಸಲ ಕಿವಿಗೆ ಹಿತವಾಯಿತು. ಮೂರನೆಯ ಸಲದ ಹೊತ್ತಿಗೆ ನಡಿಗೆಯೇ ಬದಲಾಗಿತ್ತು. ಕೆಮ್ಮಿದವರಿಗೆಲ್ಲ ನಿಂತಲ್ಲೇ ಸಲಹೆ ಹಂಚತೊಡಗಿದ.

"ಡಾಕ್ಟ್ರೇ, ಒಂದು ಮಾತು," ಎಂದಳು ಅಕ್ಕ ಒಂದು ಶನಿವಾರ, ಕಣ್ಣನ್ನು ಕೋಟಿನ ಮಡಿಕೆಯಲ್ಲೇ ನೆಟ್ಟು. "ನಮ್ಮ ಕಡೆಯೋರು ಒಬ್ರಿಗೆ ಎದೆ ಪಕ್ಕ ಒಂದು ಗಂಟು. ನೋವಿಲ್ಲ."

ಆತ ಕಣ್ಣು ಮುಚ್ಚಿ, ತೆರೆದು, ಗಂಟಲು ಸರಿಮಾಡಿಕೊಂಡ. "ವಾಯು. ದಿನಾ ಎರಡು ಹೊತ್ತು ಶಾಖ ಕೊಡೋಕೆ ಹೇಳಿ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬುದು ಇದಕ್ಕೇ ಇರಬೇಕು. ಶಾಖಕ್ಕೆ ಅವಳಲ್ಲಿ ಬರವೇ? ಬಟ್ಟೆಯ ನಾಲ್ಕು ಮಡಿಕೆಯನ್ನು ಪೆಟ್ಟಿಗೆಯಡಿ ಬಿಸಿಮಾಡಿ ನಾಲ್ಕು ತಿಂಗಳು ಶ್ರದ್ಧೆಯಿಂದ ಒತ್ತಿದಳು. ಕೃತಜ್ಞತೆಗಾಗಿ ಆತನ ಕೋಟಿಗೆ ಗಂಜಿ ಎಷ್ಟು ಹಾಕುತ್ತಿದ್ದಳೆಂದರೆ, ಅದು ಯಾರೂ ತೊಡದೆಯೂ ನಿಲ್ಲುತ್ತಿತ್ತು. ಗಂಟು ಮಾತ್ರ ಕೋಟಿನ ಗುಂಡಿಯಷ್ಟಾಯಿತು. ಎಡಗೈ ಭಾರವಾಯಿತು. ಅವಳಿಗೆ ಒಳಗೊಳಗೇ ಹೆದರಿಕೆ ಹುಟ್ಟಿತು.

ಪೆಟ್ಟಿಗೆ ಇಡುವ ಮೊದಲು ಜೇಬು ತಡಕುವುದು ಈ ಕಸುಬಿನ ನೇಮ. ಹಾಗೆ ತಡಕಿದಾಗ ಕೋಟಿನ ಜೇಬಿನಲ್ಲಿ ಒಂದು ಚೀಟಿ ಸಿಕ್ಕಿತು. ಅವಳಿಗೆ ಓದು ಅಷ್ಟಕ್ಕಷ್ಟೆ. ಗಂಡ ಓದಿದ: "ಗಾಜಿನ ಲೋಟ ಮೂರು ಒಡೆದಿವೆ. ಸೋಮವಾರಕ್ಕೆ ಕಪ್ಪೆ ಬಂದಿಲ್ಲ. ವಿದ್ಯಾರ್ಥಿಗಳಿಗೆ ತಿಳಿಸುವುದು."

"ಕಪ್ಪೆಗೂ ಚೀಟಿ ಕೊಡ್ತಾರೇನೇ ನಿನ್ನ ಡಾಕ್ಟ್ರು?" ಎಂದ.

"ನೀವು ಸುಮ್ನಿರಿ," ಎಂದಳು. ಆದರೆ ಆ ಶನಿವಾರ ಕೋಟನ್ನು ಕೊಡದೆ ಕೈಯಲ್ಲೇ ಹಿಡಿದುಕೊಂಡು ಕೇಳಿದಳು: "ನೀವು ಎಂಥಾ ಡಾಕ್ಟ್ರು?"

ಆತನ ಮುಖ ಕೋಟಿನ ಬಣ್ಣಕ್ಕೆ ತಿರುಗಿತು. "ನಾನು… ಕಾಲೇಜಿನ ಪ್ರಯೋಗಾಲಯದಲ್ಲಿ… ಸಹಾಯಕ."

"ಮನುಷ್ಯರನ್ನ ನೋಡಲ್ವಾ?"

"ಕಪ್ಪೆ. ಅದೂ ಸತ್ತ ಮೇಲೆ."

"ನಾಲ್ಕು ತಿಂಗಳಿಂದ ಶಾಖ ಕೊಡ್ತಿದೀನಲ್ಲ ಸ್ವಾಮಿ!"

"ಅಯ್ಯೋ, ಅದು ನಿಮಗೇನಾ? ನಿಮ್ಮ ಕಡೆಯೋರಿಗೆ ಅಂದ್ರಲ್ಲ!"

"ನನ್ನ ಕಡೆಗೆ ನಾನಲ್ದೆ ಇನ್ಯಾರಿದಾರೆ?"

ಆತನ ಪರವಾಗಿ ಹೇಳಬಹುದಾದದ್ದು ಒಂದೇ: ಸೋಮವಾರದಿಂದ ಅಂಗಿ ಮಾತ್ರ ತೊಟ್ಟು, ಬೆಳಕು ಹರಿಯುವ ಮೊದಲೇ ಹೋಗಿ ಅವಳ ಬದಲು ಚೀಟಿಯ ಸಾಲಿನಲ್ಲಿ ನಿಂತ. ಅವಳ ಸರದಿ ಹತ್ತಿರವಾದಾಗ ಗಂಡನಿಗೆ ಫೋನು ಮಾಡುತ್ತಿದ್ದ. ಗಂಡ ಸೈಕಲ್ಲಿನಲ್ಲಿ ಅವಳನ್ನು ಇಳಿಸಿ ಭೂಪಟ ಬರೆಯಲು ವಾಪಸಾಗುತ್ತಿದ್ದ.

"ಕೋಟು ಹಾಕ್ಕೊಂಡು ಬಂದಿದ್ರೆ ಸಾಲೇ ಇಲ್ದೆ ಒಳಗೆ ಬಿಡ್ತಿದ್ರಲ್ಲ," ಎಂದು ಅಕ್ಕ ಚುಚ್ಚಿದಳು.

"ಸಾಕು ಅಕ್ಕ. ಅದಕ್ಕಿಂತ ನಿಮ್ಮ ಪೆಟ್ಟಿಗೇಲಿ ಒಂದು ಬರೆ ಹಾಕಿಬಿಡಿ."

ನಿಜವಾದ ಡಾಕ್ಟರು ಮೊಣಕೈ ಸವೆದ ಹಳೇ ಸ್ವೆಟರಿನ ಹೆಂಗಸು; ಅಕ್ಕ ಅವರನ್ನು ಗುಮಾಸ್ತೆಯೆಂದು ತಿಳಿದು ಅವರಿಗೇ ದಾರಿ ಕೇಳಿದ್ದಳು. ಮೆಷಿನ್ ರೂಮಿನಲ್ಲಿ ಎದೆಯ ಚಿತ್ರ ತೆಗೆಸಿ, ಸೂಜಿ ಚುಚ್ಚಿ ಪರೀಕ್ಷೆಗೆ ಕಳಿಸಿ, ಫಲಿತಾಂಶ ಬಂದ ದಿನ ಆಕೆ ಮುಚ್ಚುಮರೆಯಿಲ್ಲದೆ ಹೇಳಿದರು: ಕ್ಯಾನ್ಸರು. ಗುಣವಾಗುವ ಹಂತದಲ್ಲೇ ಇದೆ. ನಾಲ್ಕು ತಿಂಗಳ ಹಿಂದೆ ಬಂದಿದ್ದರೆ ಬಹುಶಃ ಗಂಟು ತೆಗೆದರೆ ಸಾಕಿತ್ತು. ಈಗ ಒಂದು ಸ್ತನವನ್ನೇ ತೆಗೆಯಬೇಕು, ಮೇಲೆ ಔಷಧ.

ಅಕ್ಕ ಬಲಗೈಯನ್ನು ಮುಂದೆ ಚಾಚಿ ತಿರುಗಿಸಿ ನೋಡಿದಳು. ಆಮೇಲೆ ಕೇಳಿದಳು: "ಬಲಗೈ ಇರುತ್ತಲ್ಲ?"

"ಇರುತ್ತಮ್ಮ. ಎಡಗೈಯೂ ಇರುತ್ತೆ."

"ಹಾಗಾದ್ರೆ ಬರ್ಕೊಳ್ಳಿ."

ಶಸ್ತ್ರಚಿಕಿತ್ಸೆಯಾದ ಮೇಲೆ ತೋರಿಸಲು ಹೋದಾಗ, ಬೆಂಚಿನಲ್ಲಿ ಪಕ್ಕ ಕೂತಿದ್ದವರು ಎರಡನೇ ಮಹಡಿಯ ಮೇಡಂ. ಅವರ ರವಿಕೆಗಳನ್ನು ಅಕ್ಕ ಹತ್ತು ವರ್ಷದಿಂದ ಬಲ್ಲಳು.

"ನಿಂಗೂನಾ? ನಂದು ಆಫೀಸಿನ ವರ್ಷದ ತಪಾಸಣೇಲಿ ಸಿಕ್ತು. ಮೆಷಿನ್ನಿಗೆ ಮಾತ್ರ ಕಂಡಿತ್ತು, ಕೈಗೆ ಸಿಕ್ಕಿರ್ಲಿಲ್ಲ. ಎರಡು ವಾರಕ್ಕೆ ಕೆಲಸಕ್ಕೆ ಹೋದೆ."

ಇಸ್ತ್ರಿ ಅಕ್ಕ ಮೂಗಿನ ಮೇಲೆ ಬೆರಳಿಟ್ಟಳು. "ಕೈಗೇ ಸಿಗದ ಗಂಟಿಗೆ ರಜ ಕೊಟ್ರಾ? ಸಂಬಳದ ಸಮೇತ?"

ಅವಳು ಮಲಗಿದ್ದ ತಿಂಗಳುಗಳಲ್ಲಿ ಗಿರಾಕಿಗಳಲ್ಲಿ ಅರ್ಧ ಜನ ಎದುರು ಬದಿಗೆ ದಾಟಿದರು. ಉಳಿದರ್ಧ ಜನ ಭೂಪಟ ತೊಟ್ಟು ಆಫೀಸಿಗೆ ಹೋದೆವು. ತೀರ್ಪು ಕೊಟ್ಟವರಿಗೆ ಅಷ್ಟಾದರೂ ಶಿಕ್ಷೆ ಬೇಕಿತ್ತು.

ಔಷಧದ ಕೊನೆಯ ಸುತ್ತು ಮುಗಿದು, ಅಕ್ಕ ಮತ್ತೆ ಮೇಜಿನ ಹಿಂದೆ ನಿಂತ ವಾರ, ಆಸ್ಪತ್ರೆಯ ಪರವಾಗಿ ಒಬ್ಬ ಮಹನೀಯರು ಸಮೀಕ್ಷೆಗೆ ಬಂದರು. ತಡವಾಗಿ ಬಂದ ರೋಗಿಗಳ ಬಗ್ಗೆ ಅವರಿಗೆ ಅಪಾರ ಮರುಕ. ಮರುಕಕ್ಕೆ ತಕ್ಕಷ್ಟು ಉದ್ದದ ಫಾರಂ. "ಅಜ್ಞಾನ", "ಉದಾಸೀನ", "ಭಯ" ಎಂದು ಮೂರು ಚೌಕಗಳನ್ನು ಮೊದಲೇ ಅಚ್ಚು ಹಾಕಿಸಿದ್ದರು. ಅಕ್ಕ ಯಾವ ಚೌಕದಲ್ಲೂ ಹಿಡಿಸಲಿಲ್ಲ. ಪೆನ್ನು ಎಲ್ಲಿ ಇಳಿಸಬೇಕೆಂದು ತಿಳಿಯದೆ ಅವರು ಕೊನೆಗೆ ದನಿಯನ್ನು ಮಗುವನ್ನು ಮಾತಾಡಿಸುವಷ್ಟು ಮೆತ್ತಗೆ ಮಾಡಿದರು.

"ನೋಡಮ್ಮ, ಕಷ್ಟವೇನಿಲ್ಲ. ತಿಂಗಳಿಗೊಂದು ಸಲ, ಕೋಣೆ ಬಾಗಿಲು ಹಾಕ್ಕೊಂಡು, ಕನ್ನಡಿ ಮುಂದೆ ಒಬ್ಬರೇ ನಿಂತು, ಆರಾಮಾಗಿ ಐದು ನಿಮಿಷ ಮುಟ್ಟಿ ನೋಡ್ಕೊಂಡಿದ್ರೆ ಇನ್ನೂ ಮೊದಲೇ ಗೊತ್ತಾಗ್ತಿತ್ತು. ಅಷ್ಟೂ ಮಾಡ್ಲಿಲ್ವಲ್ಲ, ಯಾಕೆ?"

ಇಸ್ತ್ರಿ ಅಕ್ಕ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟಳು.

"ಮನೇಲಿ ಐದು ಜನಕ್ಕೆ ಒಂದೇ ಕೋಣೆ ಸ್ವಾಮಿ. ಬಾಗಿಲು ಹಾಕ್ಕೊಂಡು ನಾನು ಒಬ್ಬಳೇ ನಿಂತಿದ್ದು ಅಂದ್ರೆ, ನಿಮ್ಮ ಆಸ್ಪತ್ರೆ ಮೆಷಿನ್ ರೂಮಲ್ಲೇ ಮೊದಲು."